ಹದಿನೇಳನೆಯ ದರ್ಶನ: ನಾಮಕ್ರೈಸ್ತರ ಲಕ್ಷಣ, ಪ್ರಮಾಣ ಹಾಗೂ ಕಸ ವಿಂಗಡಣೆ

ವಿದ್ಯಾರಣ್ಯಪುರಂನಲ್ಲಿ ಮನೆ ಮಾಡಿದವನಿಗೆ ಗ್ರಂಥ ಬರೆಯುವ ಚಪಲ ತಾನಾಗಿಯೇ ಅಂಟಿಕೊಳ್ಳುತ್ತದೆ. ಶೃಂಗೇರಿಯ ಪೀಠದಲ್ಲಿ ಕುಳಿತು ಪಂಚದಶಿ ಬರೆದ 14ನೆಯ ಶತಮಾನದ ಯತಿಯ ಹೆಸರನ್ನು ದಿನಕ್ಕೆರಡು ಸಲ ಬಸ್ಸಿನ ಹಣೆಯ ಮೇಲೆ ಓದುತ್ತಿದ್ದರೆ ಯಾರು ತಾನೇ ಸುಮ್ಮನಿದ್ದಾರು? ಅವರದೆಂದೇ ಪಾಠವಾಗುತ್ತ ಬಂದ ಸರ್ವದರ್ಶನಸಂಗ್ರಹ ಚಾರ್ವಾಕನಿಂದ ಹೊರಟು ಒಟ್ಟು 16 ದರ್ಶನಗಳನ್ನು ಒಂದೊಂದಾಗಿ ಒರೆಗೆ ಹಚ್ಚುತ್ತದೆ. ಅದನ್ನು ಬರೆದವರು ವಿದ್ಯಾರಣ್ಯರೇ ಹೌದೋ, ಇನ್ನೊಬ್ಬ ಮಾಧವನೋ, ಚೆನ್ನಿಭಟ್ಟನೋ ಎಂದು ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಆಡಲಿ. ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು ಎಂಬ ಈ ತೊಡಕೇ ಪ್ರಸ್ತುತ ಗ್ರಂಥದ ವಸ್ತುವಾದ್ದರಿಂದ, ಬಡಾವಣೆ ನಮಗೆ ಸರಿಯಾಗಿಯೇ ಒದಗಿಬಂದಿದೆ.

16ರಲ್ಲಿ ಸೇರದೆ ಉಳಿದುಹೋದ ದರ್ಶನ ಒಂದಿದೆ. ಅದಕ್ಕೆ ಆಚಾರ್ಯರಿಲ್ಲ, ಮೂಲಗ್ರಂಥವಿಲ್ಲ, ಅನುಯಾಯಿಗಳು ಮಾತ್ರ ಎಲ್ಲ ಮತಗಳಲ್ಲೂ ಧಾರಾಳವಾಗಿದ್ದಾರೆ. ಅದೇ ನಾಮಮಾತ್ರದರ್ಶನ. ಇದರ ಕ್ರೈಸ್ತ ಶಾಖೆಯೊಂದನ್ನೇ ಇಲ್ಲಿ ಎತ್ತಿಕೊಂಡಿದ್ದೇವೆ. ಉಳಿದ ಶಾಖೆಗಳ ಬಗ್ಗೆ ಬರೆದರೆ ಪೆಟ್ಟು ಬೀಳುತ್ತದೆ. ಈ ಶಾಖೆಯವರು ನಮ್ಮವರೇ, ಭಾನುವಾರ ಎರಡನೆಯ ಪೂಜೆ ಬಿಟ್ಟ ಮೇಲೆ ಅಂಗಳದಲ್ಲಿ ಸಿಗುತ್ತಾರೆ, ಬೈದರೂ ಕಾಫಿ ಕುಡಿಸಿ ಬೈಯುತ್ತಾರೆ. ‘ನಾಮ’ಕ್ಕೆ ಕನ್ನಡದಲ್ಲಿ ಹೆಸರೆಂಬ ಅರ್ಥವಿದೆ, ಹಣೆಯ ಗುರುತೆಂಬ ಅರ್ಥವಿದೆ, ‘ಹಾಕು’ ಸೇರಿಕೊಂಡರೆ ಮೋಸವೆಂಬ ಅರ್ಥವೂ ಇದೆ. ಬೂದಿ ಬುಧವಾರ ಪಾದ್ರಿಗಳು ಹಣೆಗಿಟ್ಟ ಬೂದಿ ಅಳಿಸುವ ಮುನ್ನ ಫೋಟೊ ತೆಗೆದು ಎಲ್ಲ ಗುಂಪುಗಳಿಗೂ ಕಳಿಸುವವನಲ್ಲಿ ಮೂರು ಅರ್ಥಗಳೂ ಏಕಕಾಲಕ್ಕೆ ಕೂಡಿಬರುತ್ತವೆ.

ಮೊದಲು ಲಕ್ಷಣ. ನೈಯಾಯಿಕರ ಪ್ರಕಾರ ಲಕ್ಷಣಕ್ಕೆ ಮೂರು ದೋಷ ತಗಲಬಾರದು: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಕ್ರೈಸ್ತನೆಂದರೆ ಯಾರು? ಜ್ಞಾನಸ್ನಾನವಾದವನು ಎನ್ನೋಣ. ತಲೆಗೆ ತಣ್ಣೀರು ಬಿದ್ದ ಸಿಟ್ಟಿಗೆ ಕಿರುಚುತ್ತಿದ್ದ ಎರಡು ತಿಂಗಳ ಕೂಸು, ಆಮೇಲೆ ಅರವತ್ತು ವರ್ಷ ಅದೇ ಸಿಟ್ಟಿನಲ್ಲಿ ಬದುಕಿದರೂ ಲಕ್ಷಣದೊಳಗೆ ಬಂದುಬಿಡುತ್ತದೆ. ಅತಿವ್ಯಾಪ್ತಿ. ಭಾನುವಾರ ಪೂಜೆಗೆ ಹೋಗುವವನು ಎನ್ನೋಣ. ಪ್ರಬೋಧನೆ ಶುರುವಾದೊಡನೆ ಸ್ಕೂಟರ್ ನೋಡಿಕೊಳ್ಳಲು ಹೊರಗೆ ಬಂದು, ಕಾಣಿಕೆ ತಟ್ಟೆ ದಾಟಿದ ಮೇಲೆ ಒಳಗೆ ಹೋಗುವ ಮಹನೀಯರೆಲ್ಲ ಸೇರಿಕೊಳ್ಳುತ್ತಾರೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗಿಬಿಡುವ ನರ್ಸಮ್ಮ ಹೊರಗುಳಿಯುತ್ತಾಳೆ. ಒಂದೇ ಏಟಿಗೆ ಎರಡು ದೋಷ. ಹಾಗಾದರೆ ದೇವರಿದ್ದಾನೆಂದು ನಂಬುವವನು? ದೆವ್ವಗಳೂ ಅಷ್ಟನ್ನು ನಂಬುತ್ತವೆ, ನಂಬಿ ನಡುಗುತ್ತವೆ ಎಂದು ಯಕೋಬ ತನ್ನ ಪತ್ರದಲ್ಲಿ ಎಂದೋ ಎಚ್ಚರಿಸಿಬಿಟ್ಟಿದ್ದಾನೆ. ಈ ಲಕ್ಷಣ ಒಪ್ಪಿದರೆ ದೆವ್ವಗಳಿಗೂ ಧರ್ಮಕೇಂದ್ರದ ಚಂದಾ ಚೀಟಿ ಹರಿಯಬೇಕು. ನಡುಗುವ ವಿಷಯದಲ್ಲಿ ಅವು ನಮಗಿಂತ ಒಂದು ಕೈ ಮೇಲು ಬೇರೆ. ಕೊನೆಗೆ, ಪಕ್ಕದ ಮನೆಯವನನ್ನೂ ತನ್ನಷ್ಟೇ ಅಕ್ಕರೆಯಿಂದ ಕಾಣುವವನು ಎಂದು ಬರೆದು ನೋಡಿದೆವು. ಪಕ್ಕದ ಮನೆಯವರ ಕಾರು ನಮ್ಮ ಗೇಟಿನೆದುರು ನಿಂತಿರುವಷ್ಟು ಕಾಲ ಇದು ಶುದ್ಧ ಅಸಂಭವ ದೋಷ.

ಲಕ್ಷಣ ಕೈಕೊಟ್ಟಾಗ ವಿಜ್ಞಾನಿಗಳು ಮಾದರಿ ಇಟ್ಟುಕೊಳ್ಳುತ್ತಾರೆ. ಪ್ರಸ್ತುತ ಸಂಶೋಧಕನ ಮನೆಯೇ ಕೈಗೆಟುಕುವ ಮಾದರಿ. ಡಿಸೆಂಬರ್ ಮೊದಲ ವಾರವೇ ತಾರಸಿಯ ಮೇಲೆ ನಕ್ಷತ್ರ. ಹಾಲಿನಲ್ಲಿ ಗೋದಲಿ, ಅದರಲ್ಲಿ ಕಾಲು ಮುರಿದ ಒಂದು ಕುರಿ. ಮೂಲೆಯಲ್ಲಿ ಮರ, ಮರದ ತುಂಬ ತಾತನ ಕಾಲದ ಬಣ್ಣದ ಗಾಜಿನ ಗುಂಡುಗಳು. ಈ ಸಲ ಬೆಕ್ಕು ಎರಡನ್ನು ಕೆಡವಿತು. ರೋಸ್ ಕುಕ್ಕಿ, ಕಲ್ಕಲ್, ಕೇಕು ತುಂಬಿದ ತಟ್ಟೆಗಳು ಬೀದಿಯಲ್ಲಿ ಅಂತಸ್ತಿನ ಕ್ರಮಕ್ಕನುಸಾರ ಹಂಚಿಕೆಯಾಗುತ್ತವೆ. ಹೊರಗಿನಿಂದ ನೋಡಿದವರಿಗೆ ಅನುಮಾನವೇ ಬಾರದಷ್ಟು ಕ್ರೈಸ್ತ ಮನೆ.

ಸರ್ಕಾರಕ್ಕೆ ಇಷ್ಟೆಲ್ಲ ತಲೆಬಿಸಿಯಿಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3ಬಿ. ಪರಿಶಿಷ್ಟ ಜಾತಿಯಿಂದ ಮತಾಂತರವಾದ ಕ್ರೈಸ್ತರು ಪ್ರವರ್ಗ 1. ಯೇಸುವಿನಲ್ಲಿ ಎಲ್ಲರೂ ಒಂದೇ ಎಂದು ಪೀಠದಿಂದ ಹೇಳುತ್ತೇವಲ್ಲ, ತಹಶೀಲ್ದಾರರು ಅದನ್ನು ಒಪ್ಪಿಲ್ಲ. ಅವರನ್ನು ದೂರಲು ನಮಗೆ ಮುಖವೂ ಇಲ್ಲ, ಮದುವೆ ಜಾಹೀರಾತಿನಲ್ಲಿ ನಾವೂ ಒಪ್ಪಿಲ್ಲ. ಇನ್ನು 1950ರ ಪರಿಶಿಷ್ಟ ಜಾತಿಗಳ ಆದೇಶ. ಆಗ ಹಿಂದೂಗಳಿಗೆ ಸೀಮಿತವಾಗಿದ್ದ ಅದಕ್ಕೆ 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತನೆಂದು ಬರೆಸಿಕೊಂಡ ದಲಿತ ಮಾತ್ರ ಹೊರಗೇ ಉಳಿದ. ಹೀಗಾಗಿ ನಮ್ಮ ಸಿದ್ಧಾಂತವನ್ನು ತಲೆಕೆಳಗು ಮಾಡುವ ಜೀವಿಯೊಂದು ಕ್ಷೇತ್ರದಲ್ಲಿ ಕಾಣಸಿಗುತ್ತದೆ: ಪ್ರಮಾಣಪತ್ರದಲ್ಲಿ ಹಿಂದೂ, ರಾತ್ರಿ ಮಲಗುವ ಮುನ್ನ ಹಿಡಿಯುವುದು ಜಪಸರ. ನಮ್ಮಲ್ಲಿ ಹೆಸರಿದ್ದು ವಸ್ತುವಿಲ್ಲ, ಅವನಲ್ಲಿ ವಸ್ತುವಿದ್ದು ಹೆಸರಿಲ್ಲ. ಅವನನ್ನು ಕಪಟಿಯೆಂದು ಕರೆಯುವವರು ಸಾಮಾನ್ಯವಾಗಿ ಮಗಳ ಸೀಟಿಗಾಗಿ 3ಬಿ ಪ್ರಮಾಣಪತ್ರ ಮಾಡಿಸಿಕೊಂಡು ಬಂದವರು ಎಂಬುದನ್ನು ವಿನಯದಿಂದ ದಾಖಲಿಸುತ್ತೇವೆ.

ಇಷ್ಟಾದ ಮೇಲೆ ಮೂಲಕ್ಕೇ ಹೋಗುವುದು ಅನಿವಾರ್ಯವಾಯಿತು. ಪ್ರೇಷಿತರ ಕಾರ್ಯಕಲಾಪಗಳ 11ನೆಯ ಅಧ್ಯಾಯದ ಪ್ರಕಾರ ಕ್ರೈಸ್ತರೆಂಬ ಹೆಸರು ಹುಟ್ಟಿದ್ದು ಅಂತಿಯೋಕ್ಯ ಪಟ್ಟಣದಲ್ಲಿ. ಹುಟ್ಟಿದ್ದು ಸರಿ, ಇಟ್ಟವರು ಯಾರು? ಶಿಷ್ಯರು ಸಭೆ ಸೇರಿ ಗೊತ್ತುವಳಿ ಮಾಡಿಕೊಂಡದ್ದಲ್ಲ. ಊರಿನವರು ಕರೆದರು, ಬಹುಶಃ ಲೇವಡಿಗೇ. ಅಂದರೆ ಇದು ನಾವಿಟ್ಟುಕೊಂಡ ಹೆಸರಲ್ಲ, ಬೀದಿಯವರು ಇಟ್ಟ ಅಡ್ಡಹೆಸರು. ಅಡ್ಡಹೆಸರಿನ ಧರ್ಮ ಎಲ್ಲರಿಗೂ ಗೊತ್ತು: ತನಗೆ ತಾನೇ ಇಟ್ಟುಕೊಂಡರೆ ಅದು ನಿಲ್ಲುವುದಿಲ್ಲ. ‘ನನ್ನನ್ನು ಹುಲಿ ಅನ್ನಿ’ ಎಂದು ಹೇಳಿಕೊಂಡು ತಿರುಗುವವನನ್ನು ಊರು ಬೇರೇನೋ ಅನ್ನುತ್ತದೆ. ಮತ್ತಾಯನ 25ನೆಯ ಅಧ್ಯಾಯದ ಕಡೆಯ ತೀರ್ಪಿನಲ್ಲೂ, ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವಾಗ, ಜ್ಞಾನಸ್ನಾನದ ರಿಜಿಸ್ಟರನ್ನು ಯಾರೂ ತೆರೆಯುವುದಿಲ್ಲ. ವಿಚಾರಣೆ ಪೂರ್ತಿ ಅನ್ನ, ನೀರು, ಬಟ್ಟೆ, ಕಾಯಿಲೆ, ಸೆರೆಮನೆಯ ಬಗ್ಗೆ. ವಿಚಿತ್ರವೆಂದರೆ ಬಲಕ್ಕೆ ನಿಂತವರೂ ಎಡಕ್ಕೆ ನಿಂತವರೂ ಕೇಳುವುದು ಒಂದೇ ಪ್ರಶ್ನೆ: ಅದ್ಯಾವಾಗ ನಡೆಯಿತು ಸ್ವಾಮಿ? ಮಾಡಿದವನಿಗೂ ಗೊತ್ತಿಲ್ಲ, ಮಾಡದವನಿಗೂ ಗೊತ್ತಿಲ್ಲ. ಆದ್ದರಿಂದ ‘ನೀವು ಕ್ರೈಸ್ತರೇ? ಹೌದು/ಅಲ್ಲ’ ಎಂಬ ಪ್ರಶ್ನಾವಳಿ ಹಿಡಿದು ಹೊರಟಿದ್ದ ಸಂಶೋಧಕನು ಅದನ್ನು ಅಲ್ಲಿಗೇ ಹರಿದುಹಾಕಿದನು.

ಉಳಿದದ್ದು ಪ್ರಮಾಣಗಳು. ಪ್ರತ್ಯಕ್ಷಕ್ಕೆ ನಮ್ಮ ಬಡಾವಣೆಯಲ್ಲಿ ಮೂಗೊಂದಿದ್ದರೆ ಸಾಕು. 2015ರಲ್ಲಿ, ಮತ್ತೆ 2016ರಲ್ಲಿ ಮೈಸೂರು ದೇಶದ ಅತ್ಯಂತ ಸ್ವಚ್ಛ ನಗರವೆಂದು ಪ್ರಶಸ್ತಿ ತಗೊಂಡಿತು. ಊರೆಲ್ಲ ಹಿಗ್ಗಿದಾಗ ನಾವೂ ಹಿಗ್ಗಿದೆವು. ಆದರೆ ಆ ಸ್ವಚ್ಛ ನಗರ ಗುಡಿಸಿ ಹೊರಹಾಕಿದ್ದೆಲ್ಲ ಬಂದು ಗುಡ್ಡವಾಗಿ ಕೂತದ್ದು ವಿದ್ಯಾರಣ್ಯಪುರಂನ ಸೂಯೆಜ್ ಫಾರಂನಲ್ಲಿ. ಗಾಳಿ ಈ ಕಡೆ ತಿರುಗಿದ ಸಂಜೆ ಕಿಟಕಿ ಮುಚ್ಚಿಕೊಂಡು ಕೂತವರಿಗೆ, ಹೆಸರಿಗೂ ವಸ್ತುವಿಗೂ ಇರುವ ಅಂತರವನ್ನು ಪ್ರಬೋಧನೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಅರಮನೆಯ ಮುಂದಿನ ರಸ್ತೆ ನಗರದ ಭಾನುವಾರದ ಅಂಗಿ. ನಾವು ಅದರ ಸೋಮವಾರ.

ಶಬ್ದಪ್ರಮಾಣಕ್ಕೆ ಆಪ್ತವಾಕ್ಯ ಬೇಕು. ಮೈಸೂರು ಸೀಮೆಯ ನಾಮಕ್ರೈಸ್ತರ ಬಗ್ಗೆ ಅಬ್ಬೆ ದುಬಾಯ್‌ಗಿಂತ ಹತ್ತಿರದ ಸಾಕ್ಷಿ ಇನ್ನಾರು? ಊರಿನವರ ಬಾಯಲ್ಲಿ ಅವರು ದೊಡ್ಡ ಸ್ವಾಮಿ. 1792ರಲ್ಲಿ ಫ್ರಾನ್ಸ್ ಬಿಟ್ಟು ಬಂದ ಪಾದ್ರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಚೆದುರಿದ ಕ್ರೈಸ್ತರನ್ನು ಮತ್ತೆ ಕೂಡಿಸಲು ಇಲ್ಲಿಗೆ ಬಂದರು. ಪೇಟ, ಉದ್ದ ಗಡ್ಡ, ಬಿಳಿ ನಿಲುವಂಗಿ, ಕೈಯಲ್ಲೊಂದು ಕೋಲು. ಈ ದೇಶದ ಆಚಾರ ವಿಚಾರಗಳ ಬಗ್ಗೆ ಅವರ ಹೆಸರಿನಲ್ಲಿ ದಪ್ಪ ಪುಸ್ತಕವೊಂದು 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ಜಗತ್ಪ್ರಸಿದ್ಧವಾಯಿತು. ಅದರ ಬಹುಭಾಗ ಅವರಿಗಿಂತ ಹಿಂದಿನ ಯೇಸುಸಭೆಯ ಪಾದ್ರಿ ಕ್ಯೋರ್ದು ಅವರ ಹಸ್ತಪ್ರತಿಯಿಂದ ಬಂದದ್ದೆಂದು 1987ರಲ್ಲಿ ಸಿಲ್ವಿಯಾ ಮ್ಯೂರ್ ತೋರಿಸಿಕೊಟ್ಟರು. ಇಲ್ಲೂ ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು! ಈ ಗ್ರಂಥಕ್ಕೆ ಕೈ ಹಾಕಿದಲ್ಲೆಲ್ಲ ಅದೇ ಹಾವು.

1823ರಲ್ಲಿ ದುಬಾಯ್ ಭಾರತ ಬಿಟ್ಟು ಹೊರಟರು. ಅದೇ ವರ್ಷ ಪ್ರಕಟವಾದ ಇನ್ನೊಂದು ಪುಸ್ತಕ, ಇಲ್ಲಿನ ಕ್ರೈಸ್ತರ ಸ್ಥಿತಿಗತಿಯನ್ನು ಕುರಿತ ಅವರ ಪತ್ರಗಳು, ಯಾರಿಂದಲೂ ಎರವಲು ತಂದದ್ದಲ್ಲ. ಅಂಥದ್ದನ್ನು ಯಾರೂ ಎರವಲು ಕೊಡುವುದೂ ಇಲ್ಲ. ಕಾಲು ಶತಮಾನ ದುಡಿದು ತಾವು ಸೇರಿಸಿದ್ದು ಇನ್ನೂರು ಮುನ್ನೂರು ಜನರನ್ನು. ಅವರಲ್ಲಿ ಸ್ವಾರ್ಥವಿಲ್ಲದೆ, ಮನಸಾರೆ ನಂಬಿ ಬಂದವರೆಂದು ಹೇಳಲು ಒಬ್ಬರೂ ನೆನಪಿಗೆ ಬರುತ್ತಿಲ್ಲ ಎಂದು ನಾಚಿಕೆಯಿಂದಲೇ ಒಪ್ಪಿಕೊಂಡರು. ಈ ತಪ್ಪೊಪ್ಪಿಗೆ ಓದಿದಾಗಲೆಲ್ಲ ಸಂಶೋಧಕನಿಗೆ ಒಂದು ತಂಟೆ ಹುಟ್ಟುತ್ತದೆ. ಹಸಿವಿನಿಂದ ಬಂದವನ ನಂಬಿಕೆ ಸುಳ್ಳೆಂದು ಹೊಟ್ಟೆ ತುಂಬಿದವರು ತೀರ್ಮಾನಿಸುವುದು ಹೇಗೆ? ಪ್ರವರ್ಗ 1ರ ಪ್ರಶ್ನೆ 1823ರಲ್ಲೂ ಇತ್ತು ಎಂದಾಯಿತು.

ಆದರೆ ಅದೇ ದುಬಾಯ್ 1803–04ರಲ್ಲಿ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸಿಡುಬಿನ ಲಸಿಕೆ ಹಾಕಿಸುತ್ತ ಅಲೆದರು. 25 ಸಾವಿರಕ್ಕೂ ಹೆಚ್ಚು ತೋಳುಗಳು. ಎಡ್ವರ್ಡ್ ಜೆನ್ನರ್ ಗೋಸಿಡುಬಿನ ಲಸಿಕೆಯನ್ನು ಪ್ರಕಟಿಸಿ ಐದಾರು ವರ್ಷವಷ್ಟೇ ಆಗಿತ್ತು. ಜನಕ್ಕೆ ಸೂಜಿಯ ಭಯ, ಮಾರಿಯ ಭಯ, ಪರಂಗಿಯ ಭಯ. ಆ ತೋಳುಗಳ ಯಜಮಾನರು ಯಾವ ದೇವರಿಗೆ ಕೈ ಮುಗಿಯುತ್ತಿದ್ದರೆಂದು ಸಾಮಿಗಳು ವಿಂಗಡಿಸಲಿಲ್ಲ, ಸಿಡುಬೂ ವಿಂಗಡಿಸುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಮುನ್ನೂರು ಹೆಸರು, ತೋಳಿನ ಮೇಲೆ 25 ಸಾವಿರ ಕಲೆ. ಆತ ತನ್ನ ಸೋಲನ್ನು ಅಳೆದದ್ದು ಮೊದಲನೆಯ ಲೆಕ್ಕದಿಂದ. ಅಂತಿಯೋಕ್ಯದವರು ಎರಡನೆಯದನ್ನು ನೋಡಿ ಅಡ್ಡಹೆಸರು ಇಡುತ್ತಿದ್ದರೇನೋ.

ಉಪಮಾನಕ್ಕೆ ನಗರದ ಆ ತುದಿಯ ಸಂತ ಫಿಲೋಮಿನಾ ಚರ್ಚನ್ನು ಚುಟುಕಾಗಿ ಮುಟ್ಟಿ ಹೊರಡೋಣ. 1933ರ ಅಕ್ಟೋಬರ್ 28ರಂದು ಅದರ ಅಡಿಗಲ್ಲಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. 1961ರಲ್ಲಿ ವ್ಯಾಟಿಕನ್ ಫಿಲೋಮಿನಾಳ ಹಬ್ಬವನ್ನು ಪಂಚಾಂಗದಿಂದ ಕೈಬಿಡುವಂತೆ ಸೂಚಿಸಿತು. ಹೆಸರು ಪಟ್ಟಿಯಿಂದ ಹೋಯಿತು. ನೆಲಮಾಳಿಗೆಯ ಆಕೆಯ ಪ್ರತಿಮೆಯ ಮುಂದೆ ಕೈಮುಗಿದು ನಿಲ್ಲುವ ಹೂ ಮುಡಿದ ಹೆಂಗಸರಿಗೆ, ಬುರ್ಖಾ ತೊಟ್ಟ ತಾಯಂದಿರಿಗೆ ಆ ಸುತ್ತೋಲೆ ಇನ್ನೂ ತಲುಪಿಲ್ಲ.

ಇನ್ನುಳಿದದ್ದು ಅನುಪಲಬ್ಧಿ. ನೆಲದ ಮೇಲೆ ಮಡಕೆ ಕಾಣುತ್ತಿಲ್ಲ, ಆದ್ದರಿಂದ ಮಡಕೆ ಇಲ್ಲ ಎಂಬ ತಿಳಿವಳಿಕೆ. ಆದರೆ ಇದಕ್ಕೊಂದು ಷರತ್ತಿದೆ: ಇದ್ದಿದ್ದರೆ ಕಾಣಲೇಬೇಕಿತ್ತು ಎಂಬಂಥ ಬೆಳಕಿರಬೇಕು. ಕತ್ತಲಲ್ಲಿ ಮಡಕೆ ಕಾಣದಿದ್ದರೆ ಇಲ್ಲವೆನ್ನುವಂತಿಲ್ಲ. ಈ ಷರತ್ತಿನ ಮೇಲೆ ಸಂಶೋಧಕನಿಗೆ ಮೊದಲಿಂದಲೂ ವಿಶೇಷ ಪ್ರೀತಿ. ನನ್ನಲ್ಲಿ ವಿಶ್ವಾಸವಿದೆ, ನೋಡುವವರಿಗೆ ಬೆಳಕು ಸಾಲದು ಎಂದು ಎಷ್ಟು ವರ್ಷ ಬೇಕಾದರೂ ವಾದಿಸಬಹುದು.

ಬೆಳಕಿನ ಪರೀಕ್ಷೆಗೆ ತಪಸ್ಸುಕಾಲದ ಒಂದು ಬೆಳಿಗ್ಗೆ ಗೊತ್ತಾಯಿತು. ಬೀದಿಯ ಎಲ್ಲ ಮನೆಗಳ ಒಳಗುಟ್ಟು ಬಲ್ಲ ಒಬ್ಬಳೇ ಆಪ್ತೆ ಎಂದರೆ ಸೀಟಿ ಊದಿಕೊಂಡು ಕಸದ ಗಾಡಿ ತರುವ ಪೌರಕಾರ್ಮಿಕ ಹೆಂಗಸು. ಗೇಟಿನಲ್ಲಿ ತಡೆದು ಕೇಳಿದೆ.

“ಅಮ್ಮಾ, ಈ ಬೀದೀಲಿ ಕ್ರಿಸ್ತನವರು ಯಾರ್ಯಾರಿದ್ದಾರೆ, ಹೇಳ್ತೀರಾ?”

“ಅದು ನಂಗೆಂಗ್ ಗೊತ್ತಾಯ್ತದೆ ಸಾ? ನಾನು ಒಳೀಕ್ ಬತ್ತೀನಾ? ಒಡೆದೋದ ಗಾಜ್ನ ಪೇಪರ್‌ನಲ್ಲಿ ಸುತ್ತಿ, ಗಾಜದೆ ನೋಡ್ಕಳವ್ವ ಅಂತ ಹೇಳಿ ಕೊಡೋರು ಯಾರು ಅಂತ ಕೇಳಿ, ಅದಾದ್ರೆ ಹೇಳ್ತೀನಿ.”

ಹೇಳಿದಳು. ಮೂಲೆ ಮನೆಯ ಅಜ್ಜಿ, ತುಳಸಿಕಟ್ಟೆ ಇರುವ ಮನೆ. ಹಾರ್ಡ್‌ವೇರ್ ಅಂಗಡಿ ಸಾಬರು. ಮಹಡಿ ಮೇಲಿನ ನರ್ಸಮ್ಮ. ಮೂವರಲ್ಲಿ ಜ್ಞಾನಸ್ನಾನದ ರಿಜಿಸ್ಟರಿನಲ್ಲಿರುವುದು ನರ್ಸಮ್ಮ ಒಬ್ಬಳೇ, ನಮ್ಮ ಎರಡನೆಯ ಲಕ್ಷಣ ಹೊರಗೆ ಹಾಕಿದ್ದವಳು.

“ಎಲ್ರೂ ಹಂಗೇ ಇರಕಿಲ್ಲ ಸಾ. ನೋಡಿ ಇಲ್ಲಿ.” ಕೈಗವಸು ಕಳಚಿ ಹೆಬ್ಬೆರಳು ತೋರಿಸಿದಳು. ಬುಡದಲ್ಲಿ ಬೆಳ್ಳಗಿನ ಗೆರೆ. “ಹೊಸ್ ವರ್ಸದ ವಾರ. ಮೂರ್ ಹೊಲ್ಗೆ ಬಿತ್ತು. ಅದೇನೋ ಬಣ್ಣಬಣ್ಣದ ತೆಳೂ ಗಾಜು, ಗುಂಡ್ಗಿತ್ತು. ಯಾರ್ ಮನೇದೋ ಏನೋ.”

ಹೊಗೆಯಿದ್ದಲ್ಲಿ ಬೆಂಕಿ ಎಂಬುದು ಅನುಮಾನಪ್ರಮಾಣದ ಪ್ರಸಿದ್ಧ ಉದಾಹರಣೆ. ಗಾಜಿನ ಗುಂಡಿದ್ದಲ್ಲಿ ಕ್ರಿಸ್‌ಮಸ್ ಮರ. ಈ ಬೀದಿಯಲ್ಲಿ ಮರ ಕಟ್ಟುವ ಮನೆಗಳು ಎಷ್ಟು, ಅವುಗಳಲ್ಲಿ ಬೆಕ್ಕಿರುವ ಮನೆಗಳು ಎಷ್ಟು ಎಂಬ ಚರ್ಚೆ ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಅಂದು ಸಂಶೋಧಕನು ಬಕೆಟ್ಟನ್ನು ಎಂದಿನಂತೆ ಗೇಟಿನ ಕಂಬದ ಮೇಲಿಟ್ಟು ಒಳಗೆ ಹೋಗದೆ, ಆಕೆಯ ಕೈಗೇ ಕೊಟ್ಟನು. ಆಕೆ ಇಣುಕಿ ನೋಡಿ ವಾಪಸು ಚಾಚಿದಳು.

“ಹಸೀದು, ಒಣಗಿದ್ದು ಎಲ್ಲ ಒಂದೇ ಮಾಡ್ಬುಟ್ಟಿದ್ದೀರಲ್ಲ ಸಾ. ಬೇರೆ ಮಾಡ್ ಮಡಗಿ. ಪಕ್ಕದ್ ಬೀದಿ ಮುಗಿಸ್ಕೊಂಡ್ ಬತ್ತೀನಿ.”

ಸೀಟಿ ದೂರವಾಗುತ್ತಿದೆ. ಸಂಶೋಧಕನು ಜಗಲಿಯ ಮೇಲೆ ಹಳೇ ಪೇಪರು ಹಾಸಿ ಬಕೆಟ್ಟು ಸುರಿದುಕೊಂಡು ಕುಳಿತಿದ್ದಾನೆ. ಗ್ರಂಥದ ಉತ್ತರಾರ್ಧ ತಡವಾಗಬಹುದು.