ಕ್ವೆರಿ ರಾಯರು

ಪತ್ತಿನ ಸಹಕಾರ ಸಂಘವಿರಲಿ, ಖಾಸಗಿ ಕಾಲೇಜಿನ ಆಫೀಸಿರಲಿ, ಪೀಣ್ಯದ ಯಾವುದೋ ಕಾರ್ಖಾನೆಯ ಸ್ಟೋರ್ಸ್ ಇರಲಿ, ಕಿಟಕಿ ಪಕ್ಕದ ಹಳೇ ಕಂಪ್ಯೂಟರಿನ ಮುಂದೆ ಇವರೊಬ್ಬರು ಇದ್ದೇ ಇರುತ್ತಾರೆ. ಹೆಸರು ಊರಿಗೊಂದು, ನಮ್ಮ ಅನುಕೂಲಕ್ಕೆ ಕ್ವೆರಿ ರಾಯರು ಎನ್ನೋಣ. ಓದಿದ್ದು ಬಿ.ಕಾಂ. ಆಮೇಲೆ ಬೀದಿ ಕೊನೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಮೂರು ತಿಂಗಳು ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶ ಕಲಿತರು. 1992ರಲ್ಲಿ ಆಕ್ಸೆಸ್ ಹೊರತಂದ ಕಂಪನಿಗೂ ಅದರ ಮೇಲೆ ರಾಯರಿಗಿರುವಷ್ಟು ಭರವಸೆ ಇದ್ದಿರಲಾರದು.

ರಾಯರ ಸ್ವಭಾವವೆಂದರೆ ಯಾವುದನ್ನೂ ಬಿಡಲಾರದ ಸ್ವಭಾವ. 'ನಿನ್ನೆ ಮದುವೆಗೆ ಹೋಗಿದ್ರಂತೆ?' ಎಂದು ಯಾರಾದರೂ ಬಾಯ್ತಪ್ಪಿ ಕೇಳಿದರೆ, ಕಂಡಕ್ಟರ್ ಎರಡು ರೂಪಾಯಿ ಚಿಲ್ಲರೆ ಕೊಡದ ಕಥೆಯಿಂದ ಶುರುವಾಗಿ ಹೋಳಿಗೆಯ ಹೂರಣಕ್ಕೆ ಬರುವಷ್ಟರಲ್ಲಿ ಊಟದ ವೇಳೆಯಾಗಿರುತ್ತದೆ. ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಬರೆಯುವುದೂ ಹಾಗೇ. ಮನುಷ್ಯರಾದರೆ ದಾಕ್ಷಿಣ್ಯಕ್ಕೆ ಕೇಳಿಸಿಕೊಳ್ಳುತ್ತಾರೆ. ಆಕ್ಸೆಸ್‌ಗೆ ದಾಕ್ಷಿಣ್ಯವಿಲ್ಲ, 'ಕ್ವೆರಿ ಈಸ್ ಟೂ ಕಾಂಪ್ಲೆಕ್ಸ್' ಎಂದು ಮುಖಕ್ಕೇ ಹೇಳಿಬಿಡುತ್ತದೆ.

ಹಾಗಾಗಿ ಅದರ ಮಿತಿಗಳೆಲ್ಲ ರಾಯರಿಗೆ ಮಗ್ಗಿಯಂತೆ ಬಾಯಿಪಾಠ. ಒಂದು ಕ್ವೆರಿಗೆ ಸುಮಾರು 64,000 ಅಕ್ಷರ. ಟೇಬಲ್ 32. ವೇರ್ ಷರತ್ತಿನಲ್ಲಿ 'ಆಂಡ್' 99. ಕಾಲಂ 255.

ಸರ್ವಸದಸ್ಯರ ಸಭೆ ಹತ್ತಿರ ಬಂದಾಗ ಕಾರ್ಯದರ್ಶಿಯವರು ಕೇಳಿದ್ದು ಇಷ್ಟೇ: "ರಾಯರೇ, ಸುಸ್ತಿದಾರರ ಪಟ್ಟಿ ಕೊಡಿ, ಒಂದು ಹಾಳೆ ಸಾಕು." ರಾಯರು ಕ್ವೆರಿ ವಿನ್ಯಾಸದ ಗ್ರಿಡ್ಡಿನ ಮನೆಯೊಂದರಲ್ಲಿ ಸದಸ್ಯ ಸಂಖ್ಯೆ 14 ಆರ್ 27 ಆರ್ 31 ಆರ್ ಎಂದು ಟೈಪಿಸುತ್ತಾ ಹೋದರು. ಒಂದು ಮನೆಗೆ 1,024 ಅಕ್ಷರವಷ್ಟೇ. ಶಿಫ್ಟ್ ಜೊತೆ ಎಫ್2 ಒತ್ತಿದರೆ ದೊಡ್ಡ ಕಿಟಕಿಯೇನೋ ತೆರೆಯುತ್ತದೆ, ಆದರೆ ಒಳಗಿನ ಜಾಗ ಅಷ್ಟೇ. ಸುಸ್ತಿದಾರರೋ ಮುನ್ನೂರು ಜನ. ಎರಡು ದಿನ ಒದ್ದಾಡಿದ ಮೇಲೆ ಆ ಸಂಖ್ಯೆಗಳನ್ನೆಲ್ಲ ಒಂದು ಪುಟ್ಟ ಟೇಬಲ್ಲಿಗೆ ತುಂಬಿ, ಸದಸ್ಯರ ಟೇಬಲ್ಲಿಗೆ ಜಾಯಿನ್ ಮಾಡಿದರು. ಉದ್ದದ 'ಆರ್' ಸಾಲು ಮಾಯ. ನಿಜಕ್ಕೂ ಅದೇ ಸರಿಯಾದ ದಾರಿ. ರಾಯರು ಅಲ್ಲಿಗೆ ನಿಲ್ಲಿಸಬಹುದಿತ್ತು.

ನಿಲ್ಲಿಸಲಿಲ್ಲ. ಜಾಮೀನುದಾರರು ಬೇಡವೇ? ಷೇರು ಹಣ? ಕಂತು ತಪ್ಪಿದ ತಿಂಗಳುಗಳು? ಡಿಸೈನ್ ವ್ಯೂನಲ್ಲಿ ಸೇವ್ ಮಾಡಿದಾಗಲೆಲ್ಲ ಆಕ್ಸೆಸ್ ತಾನೂ ಪ್ರತಿ ಕಾಲಮ್ಮಿನ ಹಿಂದೆ ಟೇಬಲ್ಲಿನ ಹೆಸರು ಅಂಟಿಸಿ, ಷರತ್ತುಗಳಿಗೆ ಬ್ರಾಕೆಟ್ ಮೇಲೆ ಬ್ರಾಕೆಟ್ ತೊಡಿಸಿ ಕ್ವೆರಿಯನ್ನು ಊದಿಸುತ್ತದೆ. ಅದಕ್ಕೆ ರಾಯರು ಟೇಬಲ್ಲುಗಳಿಗೆಲ್ಲ ಒಂದೊಂದೇ ಅಕ್ಷರದ ಅಡ್ಡಹೆಸರಿಟ್ಟರು: ಸದಸ್ಯರು 'ಎಸ್', ಸಾಲ 'ಎಲ್', ಜಾಮೀನು 'ಜೆ'. ಸಾವಿರಾರು ಅಕ್ಷರ ಉಳಿಯಿತು. ಮೂರು ತಿಂಗಳ ನಂತರ ಅದೇ ಕ್ವೆರಿ ತೆರೆದು 'ಜೆ ಅಂದ್ರೆ ಜಾಮೀನೋ, ಜನವರಿಯೋ?' ಎಂದು ತಲೆ ಕೆರೆದುಕೊಂಡವರೂ ಅವರೇ.

ಆಮೇಲೆ ತುಂಡರಿಸುವ ಪರ್ವ. ಒಂದು ಕ್ವೆರಿಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹೀಗೆ 50 ಅಂತಸ್ತಿನವರೆಗೆ ಅನುಮತಿಯಿದೆ. ರಾಯರದು ಹದಿನೇಳಕ್ಕೆ ಬಂದಿದೆ. 'ಫೈನಲ್', 'ಫೈನಲ್ 2', 'ನಿಜವಾದ ಫೈನಲ್', 'ಮುಟ್ಟಬೇಡಿ'. ಆದರೆ ಓಡಿಸುವಾಗ ಎಂಜಿನ್ ಒಳಗಿನದನ್ನೆಲ್ಲ ಬಿಚ್ಚಿ ಒಟ್ಟಾಗಿಯೇ ನೋಡುತ್ತದೆ. ಮತ್ತೆ ಅದೇ 'ಟೂ ಕಾಂಪ್ಲೆಕ್ಸ್'. ಸರಿ, ನಡುವಿನ ಫಲಿತಾಂಶವನ್ನು ತಾತ್ಕಾಲಿಕ ಟೇಬಲ್ಲಿಗೆ ಸುರಿದು ಮುಂದುವರಿದರು. ಅಳಿಸಿದರೂ ಆ ಜಾಗವನ್ನು ಫೈಲು ಬಿಟ್ಟುಕೊಡದು. ಉಬ್ಬುತ್ತಾ 2 ಜಿಬಿಯ ಗಡಿಗೆ ಹೋಗುತ್ತದೆ. 'ಕಾಂಪ್ಯಾಕ್ಟ್ ಆಂಡ್ ರಿಪೇರ್' ಒತ್ತಿಟ್ಟು ರಾಯರು ಕಾಫಿಗೆ ಎದ್ದರೆಂದರೆ ಆಫೀಸಿನ ಉಳಿದವರಿಗೂ ಅದೇ ಗಂಟೆ.

ಆಕ್ಸೆಸ್‌ನೊಳಗಿನ ಪ್ರೋಗ್ರಾಮಿಂಗ್ ಭಾಷೆ ವಿಬಿಎಯಲ್ಲೂ ಕೈ ಆಡಿಸಿದ್ದಾರೆ. ಅಲ್ಲಿ ಒಂದೇ ಸಾಲನ್ನು 24 ಸಲ ಮುಂದುವರಿಸಬಹುದು, 25ನೆಯದಕ್ಕೆ ಅವಕಾಶವಿಲ್ಲ. ರಾಯರು ಕ್ವೆರಿಯನ್ನು ಸಾಲಿಗೆ ಸಾಲು ಅಂಟಿಸಿ ಬರೆದರು. ಒಂದೆಡೆ ಕೊನೆಯ ಖಾಲಿ ಜಾಗ ಮರೆತು 'ವೇರ್' ಎಂಬುದು ಟೇಬಲ್ ಹೆಸರಿಗೆ ಅಂಟಿಕೊಂಡಿತು. ಅದನ್ನು ಹುಡುಕಲು ಒಂದು ಇಡೀ ಶನಿವಾರ ಹೋಯಿತು.

ಸೋತದ್ದು ಮಾತ್ರ ಕ್ರಾಸ್‌ಟ್ಯಾಬಿನಲ್ಲಿ. ತಿಂಗಳಿಗೊಂದು ಕಾಲಂ, 21 ವರ್ಷಕ್ಕೆ 252. ಸದಸ್ಯ ಸಂಖ್ಯೆ, ಹೆಸರು, ಜಾಮೀನುದಾರ ಸೇರಿ ಸರಿಯಾಗಿ 255. ಎಂಟು ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೂ ಅದೇ ಎಂದು ರಾಯರು ಜವಾನನಿಗೂ ವಿವರಿಸಿದ್ದರು. ಇಪ್ಪತ್ತೆರಡನೇ ವರ್ಷದ ಮೊದಲ ತಿಂಗಳು ಬಂತು, ವರದಿ ನಿಂತಿತು.

ಆಗ ಬಂದವಳು ಹೊಸದಾಗಿ ಸೇರಿದ ಹುಡುಗಿ. "ಸರ್, ಎಸ್‌ಕ್ಯೂಎಲ್ ಸರ್ವರಿಗೆ ಹೋಗೋಣ. ಅಲ್ಲಿ ಒಂದು ಸೆಲೆಕ್ಟ್‌ಗೆ 4,096 ಕಾಲಂ."

ರಾಯರು ಕನ್ನಡಕ ಒರೆಸಿಕೊಂಡರು. "ಉದ್ದ ಎಷ್ಟಮ್ಮ?"

"ನೆಟ್‌ವರ್ಕ್ ಪ್ಯಾಕೆಟ್ಟಿನ 65,536 ಪಟ್ಟು, ಸರ್. ಮಾಮೂಲಿ 4 ಕೆಬಿ ಪ್ಯಾಕೆಟ್ ಅಂದ್ರೆ 256 ಎಂಬಿ."

ರಾಯರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಅಷ್ಟೂ ಒಂದೇ ಕ್ವೆರಿಗಾ?"

ಒಳಕೋಣೆಯಿಂದ ಕಾರ್ಯದರ್ಶಿಯವರ ಧ್ವನಿ ಬಂತು: "ಪಾಸ್‌ವರ್ಡು ಸಭೆ ಮುಗಿದ ಮೇಲೆ ಕೊಡಮ್ಮ!"