ಬುಟ್ಟಿಯ ಕಡತ: ಈಜುಕೊಳದ ಸ್ಕಿಮ್ಮರ್‌ನೊಡನೆ ಒಂದು ಕಾಲ್ಪನಿಕ ಸಂದರ್ಶನ

ಅಮೆರಿಕದ ಉಪನಗರಗಳಲ್ಲಿ ಮನೆಯ ಹಿತ್ತಲಿಗೆ ಕಟ್ಟಿಸಿಕೊಂಡ ಈಜುಕೊಳಗಳ ಗೋಡೆಯಲ್ಲಿ, ನೀರಿನ ಮೇಲ್ಮಟ್ಟಕ್ಕೆ ಸರಿಯಾಗಿ, ಅಂಚೆಪೆಟ್ಟಿಗೆಯ ಬಾಯಿಯನ್ನು ತುಸು ಹಿಗ್ಗಿಸಿದಂತಹ ಒಂದು ಕಂಡಿ ಇರುತ್ತದೆ. ಇದನ್ನು ಸ್ಕಿಮ್ಮರ್ ಎನ್ನುತ್ತಾರೆ. ಪಂಪು ಚಾಲನೆಗೊಂಡಾಗ ಕೊಳದ ಮೇಲ್ಪದರದ ನೀರು ಈ ಕಂಡಿಯೊಳಗೆ ಸರಿದು, ಅದರ ಹಿಂದಿರುವ ತೂತುಗಳ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಎಲೆ, ಕೂದಲು, ಹುಳುಗಳನ್ನು ಬಿಟ್ಟು, ಫಿಲ್ಟರಿನ ಮೂಲಕ ಹಾದು, ಕ್ಲೋರಿನ್ ಬೆರೆಸಿಕೊಂಡು ಮರಳಿ ಕೊಳವನ್ನು ಸೇರುತ್ತದೆ. ಕಂಡಿಯ ಬಾಯಲ್ಲಿ ವೀರ್ ಎಂಬ ಸಣ್ಣ ತೂಗುಬಾಗಿಲು ಇದ್ದು, ಅದು ಪಂಪು ನಡೆಯುತ್ತಿರುವಾಗ ಒಳಕ್ಕೆ ವಾಲುತ್ತದೆ, ಪಂಪು ನಿಂತಾಗ ನೆಟ್ಟಗೆ ಎದ್ದು ನಿಲ್ಲುತ್ತದೆ. ಒಳಬಂದ ಕಸ ಮತ್ತೆ ಕೊಳಕ್ಕೆ ತೇಲಿಹೋಗದಿರಲೆಂದು ಮಾಡಿದ ಈ ಏರ್ಪಾಟು, ಒಳಬಂದದ್ದು ಕಸವಲ್ಲದಿದ್ದಾಗಲೂ ಅಷ್ಟೇ ನಿಷ್ಠೆಯಿಂದ ಕೆಲಸ ಮಾಡುತ್ತದೆ.

ಹಿತ್ತಲಿನ ಕೊಳವು ಕಲೆಯ ಚರಿತ್ರೆಯಲ್ಲಿ ಉಪೇಕ್ಷಿತ ವಸ್ತುವೇನಲ್ಲ. ಉದ್ಯಾನಶಿಲ್ಪಿ ಥಾಮಸ್ ಚರ್ಚ್ 1948ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ರೂಪಿಸಿದ ಡಾನೆಲ್ ಉದ್ಯಾನದ ಬಾಗುಬಳುಕಿನ ಕೊಳವು ಆ ದೇಶದ ಅಸಂಖ್ಯ ಹಿತ್ತಲುಗಳಿಗೆ ಮಾದರಿಯಾಯಿತು. ಡೇವಿಡ್ ಹಾಕ್ನಿ 1967ರಲ್ಲಿ ಚಿತ್ರಿಸಿದ ‘ಎ ಬಿಗ್ಗರ್ ಸ್ಪ್ಲ್ಯಾಶ್’ ಕೃತಿಯಲ್ಲಿ ಜಿಗಿಹಲಗೆ, ಸಿಡಿದ ನೀರು, ಖಾಲಿ ಕುರ್ಚಿ, ಎರಡು ತಾಳೆಮರಗಳಿವೆ, ಮುಳುಗಿದವರು ಯಾರೆಂಬುದು ಮಾತ್ರ ಕಾಣುವುದಿಲ್ಲ. ಮುಳುಗಿದವರ ಪಟ್ಟಿ ಯಾರ ಬಳಿ ಇದೆಯೋ ಆ ಬುಟ್ಟಿಯ ಅಭಿಪ್ರಾಯವನ್ನು ಈವರೆಗೆ ಯಾವ ವಿಮರ್ಶಕರೂ ಕೇಳಿರಲಿಲ್ಲವಾದ್ದರಿಂದ, ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದ ಅಂಚಿನಲ್ಲಿ, ಓಕ್ ಮರಗಳ ತೋಪಿಗೆ ಬೆನ್ನು ಕೊಟ್ಟ ಒಂದು ಹಿತ್ತಲಿನಲ್ಲಿ ಪ್ರಸ್ತುತ ಸಂದರ್ಶನವನ್ನು ಕಲ್ಪಿಸಲಾಗಿದೆ. ಕಾಲ ಮೇ ತಿಂಗಳ ಕೊನೆಯ ವಾರ, ಅಂದರೆ ಹುತಾತ್ಮ ಸೈನಿಕರ ಸ್ಮರಣೆಯ ರಜೆಯೊಂದಿಗೆ ಆ ನಾಡಿನಲ್ಲಿ ಈಜಿನ ಋತು ತೆರೆದುಕೊಳ್ಳುವ ಹೊತ್ತು. ಬುಟ್ಟಿಯು ಸಂದರ್ಶನದುದ್ದಕ್ಕೂ ತನ್ನನ್ನು ಉತ್ತಮ ಪುರುಷದಲ್ಲಿ ಹೇಳಿಕೊಳ್ಳದೆ, ಕಚೇರಿ ಟಿಪ್ಪಣಿಗಳ ರೂಢಿಯಂತೆ ‘ಈ ಬುಟ್ಟಿ’ ಎಂದೇ ಉಲ್ಲೇಖಿಸಿಕೊಂಡಿತು.

ಪ್ರಶ್ನೆ: ತಮ್ಮ ಅಧಿಕೃತ ಕರ್ತವ್ಯ ಯಾವುದು?

ಬುಟ್ಟಿ: ತೇಲುವ ಕಸದ ಸಂಗ್ರಹಣೆ. ಕಸವೆಂದರೆ ಕಂಡಿಯ ಅಗಲಕ್ಕೆ ಹಿಡಿಸುವ, ಮನೆಯವರು ಬೇಕೆಂದು ನೀರಿಗೆ ಹಾಕದ ಯಾವುದೇ ಪದಾರ್ಥ. ಅದಕ್ಕೆ ಜೀವವಿದೆಯೇ, ಇತ್ತೇ, ಇನ್ನೂ ಅರ್ಧ ಉಳಿದಿದೆಯೇ ಎಂಬುದನ್ನು ಬರೆಯಲು ನಮೂನೆಯಲ್ಲಿ ಅಂಕಣವಿಲ್ಲ.

ಪ್ರಶ್ನೆ: ಈ ಬೆಳಗಿನ ಸಂಗ್ರಹವನ್ನು ವಿವರಿಸಬಹುದೇ?

ಬುಟ್ಟಿ: ಓಕ್ ಮರದ ಒಣಹೂವಿನ ಎಳೆಗಳು, ಒಂದು ಹಿಡಿ. ಜೀರುಂಡೆ, ಜೇನ್ನೊಣ, ಪತಂಗ, ಲೆಕ್ಕಕ್ಕಿಲ್ಲ. ನೆಲಗಪ್ಪೆ, ಮೂರು. ಮೂಗಿಲಿ, ಒಂದು. ಚಿಪ್‌ಮಂಕ್, ಅಂದರೆ ಬೆನ್ನ ಮೇಲೆ ಪಟ್ಟೆಗಳುಳ್ಳ, ನೆಲದಲ್ಲಿ ಬಿಲ ತೋಡುವ ಅಳಿಲಿನ ಸಂಬಂಧಿ, ಒಂದು. ಮಕ್ಕಳ ಕೂದಲಿನ ರಬ್ಬರ್ ಬ್ಯಾಂಡ್, ಒಂದು. ಇದನ್ನು ತೊಳೆದು ವಾರಸುದಾರರಿಗೆ ಹಿಂದಿರುಗಿಸಲಾಗುವುದು.

ಬುಟ್ಟಿಯ ಪಟ್ಟಿಯಲ್ಲಿ ನೆಲಗಪ್ಪೆಗಳೇ ಹೆಚ್ಚಾಗಿರುವುದಕ್ಕೆ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕಾಗುತ್ತದೆ. ನೆಲಗಪ್ಪೆಯು ಬದುಕಿನ ಬಹುಭಾಗವನ್ನು ನೆಲದ ಮೇಲೆ, ತರಗೆಲೆಯಡಿಯಲ್ಲಿ ಕಳೆಯುವ ಪ್ರಾಣಿ. ವಸಂತದಲ್ಲಿ ಮೊಟ್ಟೆಯಿಡಲು ನೀರನ್ನು ಹುಡುಕಿಕೊಂಡು ಹೊರಟಾಗ, ಅದು ಕಾಣುವ ನೀರಿಗೆ ದಡವಿರುತ್ತದೆಂಬ ಲಕ್ಷಾಂತರ ವರ್ಷಗಳ ನಂಬಿಕೆಯನ್ನು ಜೊತೆಗೆ ಕೊಂಡೊಯ್ಯುತ್ತದೆ. ಮಳೆ ಬಿದ್ದ ರಾತ್ರಿ, ಕೊಳದೊಳಗಿನ ಅಲಂಕಾರದ ದೀಪಕ್ಕೆ ಹುಳುಗಳು ಮುತ್ತುತ್ತವೆ, ಹುಳುಗಳನ್ನು ಅರಸಿ ಕಪ್ಪೆ ಬರುತ್ತದೆ. ಸಹಜವಾದ ಕೆರೆಯಲ್ಲಿ ಅಂಚನ್ನೇ ಹಿಡಿದು ಈಜಿದರೆ ಎಲ್ಲಾದರೊಂದು ಕಡೆ ಕೆಸರಿನ ಇಳಿಜಾರು ಕಾಲಿಗೆ ಸಿಗುತ್ತದೆ. ಇಲ್ಲಿಯಾದರೋ ಅಂಚು ಎಲ್ಲ ಕಡೆಯೂ ಒಂದೇ ಸಮನೆ ನೆಟ್ಟಗಿದ್ದು, ಮೇಲ್ಗಡೆ ಕೋಪಿಂಗ್ ಎಂಬ ಅಂಚುಗಲ್ಲು ನೀರಿನ ಮೇಲೆ ಚಾಚಿಕೊಂಡಿರುವುದರಿಂದ, ಕಪ್ಪೆಯು ಗೋಡೆಯ ಗುಂಟ ಸುತ್ತುತ್ತ ಸುತ್ತುತ್ತ ಸೋತುಹೋಗುತ್ತದೆ. ಉಭಯವಾಸಿಗಳು, ಎಂದರೆ ನೀರು ನೆಲಗಳೆರಡರಲ್ಲೂ ಬಾಳುವ ಜೀವಿಗಳು, ಚರ್ಮದ ಮೂಲಕವೂ ಉಸಿರಾಡುತ್ತವೆ, ನೀರನ್ನೂ ಚರ್ಮದಿಂದಲೇ ಹೀರುತ್ತವೆ. ಹೀಗಾಗಿ ನೀರಿನಲ್ಲಿ ಬೆರೆತ ಕ್ಲೋರಿನ್ ನೇರವಾಗಿ ಮೈಗಿಳಿಯುತ್ತದೆ. ಮನುಷ್ಯರಿಗಾಗಿ ಒಂದು ಏಣಿ ಇರುವುದು ನಿಜ. ಅದರ ಮೆಟ್ಟಿಲುಗಳ ನಡುವಿನ ಅಂತರವನ್ನು ನಿಗದಿಪಡಿಸಿದವರು ನೆಲಗಪ್ಪೆಯ ಕಾಲಿನ ಅಳತೆಯನ್ನು ತೆಗೆದುಕೊಂಡಿರಲಿಲ್ಲ.

ಪ್ರಶ್ನೆ: ಈ ಸಾವುಗಳಿಗೆ ಹೊಣೆ ಯಾರು?

ಬುಟ್ಟಿ: ಈ ಬುಟ್ಟಿ ಯಾರನ್ನೂ ನೀರಿಗೆ ಕರೆದಿಲ್ಲ. ಪಂಪು ಎಳೆಯುತ್ತದೆ, ನೀರು ಬರುತ್ತದೆ. ಪಂಪನ್ನು ವಿಚಾರಿಸಿದರೆ ಅದು ಟೈಮರನ್ನು ತೋರಿಸುತ್ತದೆ. ಟೈಮರನ್ನು ವಿಚಾರಿಸಿದರೆ ವಿದ್ಯುತ್ ದರ ಕಡಿಮೆಯಿರುವ ರಾತ್ರಿಯ ಹೊತ್ತಿಗೆ ತನ್ನನ್ನು ತಿರುಗಿಸಿಟ್ಟ ಯಜಮಾನರನ್ನು ತೋರಿಸುತ್ತದೆ. ಯಜಮಾನರು ಆ ಹೊತ್ತಿನಲ್ಲಿ ನಿದ್ರಿಸುತ್ತಿದ್ದರೆಂಬುದಕ್ಕೆ ಅವರ ಪತ್ನಿಯವರೇ ಸಾಕ್ಷಿ. ಕೊಳ ಕಟ್ಟಿದ ಗುತ್ತಿಗೆದಾರರು ನಕ್ಷೆಯಂತೆ ಕಟ್ಟಿದ್ದಾರೆ. ಕಡತವು ಹೀಗೆ ಎಲ್ಲ ಮೇಜುಗಳನ್ನು ಸುತ್ತಿ ಬಂದಾಗ, ಈಜಲು ಸರಿಯಾಗಿ ಕಲಿಯದ ಕಪ್ಪೆಯ ಹೆಸರಿನಲ್ಲಿ ಷರಾ ಬರೆಯದೆ ವಿಧಿಯಿಲ್ಲ.

ಪ್ರಶ್ನೆ: ಕೊಳದ ಸುರಕ್ಷತೆಗೆ ಕಾನೂನುಗಳಿಲ್ಲವೇ?

ಬುಟ್ಟಿ: ಧಾರಾಳವಾಗಿವೆ. ಕೊಳದ ತಳದಲ್ಲಿರುವ ಹೀರುಗಂಡಿಗೆ ಮಕ್ಕಳು ಸಿಕ್ಕಿಕೊಳ್ಳದಂತೆ ಸಾರ್ವಜನಿಕ ಕೊಳಗಳಲ್ಲಿ ವಿಶೇಷ ಮುಚ್ಚಳ ಕಡ್ಡಾಯವೆಂದು 2007ರಲ್ಲಿ ಅಮೆರಿಕದ ಸಂಸತ್ತು ಕಾಯಿದೆ ಮಾಡಿತು. ಅದು ಆಗಬೇಕಾಗಿದ್ದ ಕೆಲಸ, ಅದರ ಬಗ್ಗೆ ಈ ಬುಟ್ಟಿಗೆ ಗೌರವವಿದೆ. ವನ್ಯಜೀವಿಗಳ ವಿಷಯದಲ್ಲಿ ಮಾತ್ರ ಜಾತಿಪದ್ಧತಿಯುಂಟು. ಮಲ್ಲಾರ್ಡ್ ಎಂಬ ಕಾಡುಬಾತು ಕೊಳದ ಬದಿಯ ಪೊದೆಯಲ್ಲಿ ಮೊಟ್ಟೆಯಿಟ್ಟಿತೆನ್ನಿ, 1918ರ ವಲಸೆ ಹಕ್ಕಿಗಳ ಒಪ್ಪಂದ ಕಾಯಿದೆಯ ಮೇರೆಗೆ ಆ ಮೊಟ್ಟೆಗಳನ್ನು ಪರವಾನಗಿಯಿಲ್ಲದೆ ಮುಟ್ಟುವಂತಿಲ್ಲ. ಯಜಮಾನರು ತಮ್ಮದೇ ಹಿತ್ತಲಿನಲ್ಲಿ ತುದಿಗಾಲಲ್ಲಿ ಓಡಾಡುತ್ತಾರೆ. ಮರಿಗಳು ತಾಯಿಯ ಹಿಂದೆ ಕೊಳಕ್ಕೆ ಧುಮುಕಿ, ತಾಯಿ ಹಾರಿ ಮೇಲೆ ಬಂದು, ಹಾರಲು ಬಾರದ ಮರಿಗಳು ಗೋಡೆಯ ಕೆಳಗೆ ಉಳಿದಾಗ, ಹಲಗೆ ಇಳಿಬಿಡಲು ನೆರೆಹೊರೆಯವರೆಲ್ಲ ಸೇರುತ್ತಾರೆ, ವಿಡಿಯೊ ತೆಗೆಯುತ್ತಾರೆ. ಅದೇ ಹಲಗೆಯನ್ನು ಹಿಂದಿನ ರಾತ್ರಿ ಇಳಿಬಿಟ್ಟಿದ್ದರೆ ಎಂದು ಕಪ್ಪೆಗಳ ಪರವಾಗಿ ಕೇಳಿದವರಿಲ್ಲ. ಕಪ್ಪೆಗೆ ಮುದ್ದಾದ ಮರಿಗಳಿಲ್ಲ, ಒಪ್ಪಂದವೂ ಇಲ್ಲ.

ಪ್ರಶ್ನೆ: ತಮ್ಮ ಸೇವಾವಧಿಯಲ್ಲಿ ಸ್ಮರಣೀಯ ವರ್ಷ ಯಾವುದು?

ಬುಟ್ಟಿ: ಸಂಶಯವೇ ಇಲ್ಲ, 2021. ಬ್ರೂಡ್ ಟೆನ್ ಎಂದು ಗುರುತಿಸುವ ಸಿಕಾಡಗಳ ಪೀಳಿಗೆ, ಹದಿನೇಳು ವರ್ಷ ನೆಲದಡಿಯಲ್ಲಿ ಬೇರಿನ ರಸ ಹೀರಿಕೊಂಡಿದ್ದು, ಆ ಮೇ ತಿಂಗಳಲ್ಲಿ ಒಟ್ಟಿಗೇ ಮೇಲೆದ್ದು ಬಂದಿತು. ಅವು ಹಾರಾಟದಲ್ಲಿ ಅಷ್ಟೇನೂ ನಿಪುಣರಲ್ಲ. ಈ ಬುಟ್ಟಿಯನ್ನು ಬೆಳಿಗ್ಗೆ ಬರಿದು ಮಾಡಿದರೆ ಮಧ್ಯಾಹ್ನಕ್ಕೆ ಕಟ್ಟಿಕೊಳ್ಳುತ್ತಿತ್ತು, ಪಂಪು ಒಣಗಂಟಲಲ್ಲಿ ಕೆಮ್ಮುತ್ತಿತ್ತು. 2004ರಲ್ಲೂ ಅವು ಬಂದಿದ್ದವೆಂದು ಹಳೆಯ ಬುಟ್ಟಿಗಳು ಹೇಳುತ್ತಿದ್ದವು. ಮುಂದಿನ ಸರದಿ 2038. ಹೆಚ್ಚುವರಿ ಸಿಬ್ಬಂದಿಗೆ ಈಗಲೇ ಮನವಿ ಸಲ್ಲಿಸಲಾಗಿದೆ.

ಯಜಮಾನರು ಸತ್ತ ಪ್ರಾಣಿಯನ್ನು ಕಂಡಾಗ ಮೊದಲು ಕೇಳುವುದು ಅದು ಹೇಗೆ ಸತ್ತಿತೆಂದಲ್ಲ, ನೀರು ಕೆಟ್ಟಿತೇ ಎಂದು. ಈ ಪ್ರಶ್ನೆಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಸಮಾಧಾನಕರವಾದ ಉತ್ತರವನ್ನೇ ನೀಡಿದೆ. ಸತ್ತ ಪ್ರಾಣಿಗಳಿಂದ ಈಜುವವರಿಗೆ ಬಹುಪಾಲು ಅಪಾಯವಿಲ್ಲ. ಕೈಗವಸು ತೊಟ್ಟು, ಬಲೆಯಿಂದ ಎತ್ತಿ, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಬಿಸಾಡಿ, ಕ್ಲೋರಿನ್ ಪ್ರಮಾಣವನ್ನು ದಶಲಕ್ಷಕ್ಕೆ 2 ಭಾಗದಷ್ಟಿರಿಸಿ ಅರ್ಧ ಗಂಟೆ ಕಾದರೆ ಸಾಕಾಗುತ್ತದೆ. ಇದಕ್ಕೆ ರಕೂನ್ ಅಪವಾದ. ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿದಂತೆ ಕಾಣುವ ಈ ನಿಶಾಚರಿಯ ಮಲದಲ್ಲಿ ಬೇಲಿಸ್ಯಾಸ್ಕಾರಿಸ್ ಎಂಬ ದುಂಡುಹುಳುವಿನ ಮೊಟ್ಟೆಗಳಿರಬಹುದಾಗಿದ್ದು, ಅವು ಕ್ಲೋರಿನ್‌ಗೆ ಜಗ್ಗುವುದಿಲ್ಲ. ಕೊಳದ ಆಳವಿಲ್ಲದ ಮೆಟ್ಟಿಲನ್ನೇ ಅದು ಶೌಚಕ್ಕೆ ಆರಿಸಿಕೊಳ್ಳುವುದುಂಟು. ಬುಟ್ಟಿಯ ಪಟ್ಟಿಯಲ್ಲಿ ರಕೂನ್ ಅಪರೂಪ. ಏಣಿಯನ್ನು ಬಳಸಲು ಕಲಿತ ಪ್ರಾಣಿಗೆ ಬುಟ್ಟಿಯ ಹಂಗು ಬೇಕಿಲ್ಲ.

ಪ್ರಶ್ನೆ: ಕಪ್ಪೆಯಿಂದ ನೀರು ಮೈಲಿಗೆಯಾಗುತ್ತದೆಂಬ ಅಸಹ್ಯ ಮನೆಯವರಿಗಿದೆಯಲ್ಲವೇ?

ಬುಟ್ಟಿ: ಇದೆ. ಕಪ್ಪೆ ಸಿಕ್ಕ ದಿನ ಅವರು ಮಕ್ಕಳನ್ನು ನೀರಿಗಿಳಿಸುವುದಿಲ್ಲ, ಕೊಳದಿಂದ ಘಾಟು ಬರತೊಡಗಿದಾಗ ‘ಕ್ಲೋರಿನ್ ಚೆನ್ನಾಗಿದೆ’ ಎಂದು ಸಂತೋಷಪಡುತ್ತಾರೆ. ಆ ಘಾಟು ಕ್ಲೋರಿನ್‌ನದಲ್ಲ, ಕ್ಲೋರಮೈನ್‌ಗಳದು. ಈಜುವವರ ಬೆವರು ಮತ್ತು ಮೂತ್ರದಲ್ಲಿರುವ ಸಾರಜನಕದ ಸಂಯುಕ್ತಗಳೊಡನೆ ಕ್ಲೋರಿನ್ ಕೂಡಿದಾಗ ಹುಟ್ಟುವ ಪದಾರ್ಥ ಅದು. ಈ ವಿಷಯದಲ್ಲಿ ಮನೆಮಂದಿಯ ಕೊಡುಗೆಗೂ ಕಪ್ಪೆಯ ಕೊಡುಗೆಗೂ ಹೋಲಿಕೆಯೇ ಇಲ್ಲ. ಆದರೆ ಮೂತ್ರ ತೇಲುವುದಿಲ್ಲ, ಬುಟ್ಟಿಗೆ ಬೀಳುವುದಿಲ್ಲ. ಆದಕಾರಣ ಅದು ಕಡತದಲ್ಲಿಲ್ಲ.

ಪ್ರಶ್ನೆ: ಪ್ರಾಣಿಗಳು ತಾವಾಗಿಯೇ ಹತ್ತಿ ಹೋಗುವಂತೆ ತೇಲುಹಲಗೆಗಳು ಬಂದಿವೆಯಂತೆ?

ಬುಟ್ಟಿಯು ಇಲ್ಲಿ ಮೊದಲ ಬಾರಿಗೆ ಅಸಮಾಧಾನವನ್ನು ತೋರಿಸಿತು. ಮೇರಿಲ್ಯಾಂಡ್‌ನವರೇ ಆದ ವನ್ಯಜೀವಿ ತಜ್ಞ ರಿಚ್ ಮೇಸನ್ ಎಂಬವರು, ಪರಿಚಿತರ ಕೊಳದಲ್ಲಿ ಕಪ್ಪೆಗಳು ಸಾಯುತ್ತಿರುವುದನ್ನು ತಿಳಿದು, ಫ್ರಾಗ್‌ಲಾಗ್ ಎಂಬ ಸರಳ ಸಾಧನವನ್ನು ರೂಪಿಸಿದರು: ನೀರಿನ ಮೇಲೆ ತೇಲುವ ಒಂದು ಪುಟ್ಟ ವೇದಿಕೆ, ಅದರಿಂದ ಕಲ್ಲುಹಾಸಿನವರೆಗೆ ಬಟ್ಟೆಯ ಇಳಿಜಾರು, ದಡದಲ್ಲಿ ಅದನ್ನು ಹಿಡಿದಿಡಲು ಮರಳು ತುಂಬಿದ ಚೀಲ. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಟೈಮರಿಲ್ಲ. ಗೋಡೆಯ ಗುಂಟ ಸುತ್ತುವ ಪ್ರಾಣಿಯ ಹಾದಿಗೆ ಅಡ್ಡವಾಗಿ ಅದು ನಿಂತಿರುವುದರಿಂದ, ಇಲ್ಲದ ದಡವನ್ನು ಹುಡುಕುವ ಅದೇ ಹಳೆಯ ಅಭ್ಯಾಸವು ಪ್ರಾಣಿಯನ್ನು ಇಳಿಜಾರಿಗೆ ಮುಟ್ಟಿಸುತ್ತದೆ. ಇಷ್ಟು ಸುಲಭವಾದುದು ಕೊಳದ ನಕ್ಷೆಯಲ್ಲೇ ಏಕಿರಬಾರದೆಂಬ ಪ್ರಶ್ನೆ ಯಾರಿಗೂ ಏಳಬಹುದು. ದಡವೆಂಬುದನ್ನು ತೆಗೆದುಹಾಕಿ ಕಟ್ಟಿದ ಕೊಳಕ್ಕೆ ಅದನ್ನೇ ಮತ್ತೆ ಪೆಟ್ಟಿಗೆಯಲ್ಲಿ ತರಿಸಿಕೊಳ್ಳುವುದು ಒಂದು ವಿಚಿತ್ರವಾದ ವ್ಯಾಪಾರವೇ ಸರಿ.

ಬುಟ್ಟಿ: ಅದು ಈ ಬುಟ್ಟಿಯ ಅಧಿಕಾರವ್ಯಾಪ್ತಿಯಲ್ಲಿ ಹಸ್ತಕ್ಷೇಪ. ಪಕ್ಕದ ಮನೆಯವರು ಅಂಥದ್ದನ್ನು ತಂದಿಟ್ಟ ಮೇಲೆ ಅಲ್ಲಿನ ಬುಟ್ಟಿಗೆ ಎಲೆ ಬಿಟ್ಟರೆ ಬೇರೆ ಕೆಲಸವಿಲ್ಲ, ಅದರ ಘನತೆ ಏನಾಗಬೇಕು? ಇಲ್ಲಿಯ ಯಜಮಾನರೂ ಕೊಂಡಿದ್ದಾರೆ, ಆದರೆ ಅದರ ಬಣ್ಣ ಕೊಳದ ಹೆಂಚುಗಳಿಗೆ ಒಪ್ಪುವುದಿಲ್ಲವೆಂದು ಗ್ಯಾರೇಜಿನಲ್ಲಿ ಇಟ್ಟಿದ್ದಾರೆ. ಈ ಬುಟ್ಟಿಗೆ ಯಜಮಾನರ ಅಭಿರುಚಿಯಲ್ಲಿ ಪೂರ್ಣ ವಿಶ್ವಾಸವಿದೆ.

ಸಂದರ್ಶನದ ಕೊನೆಯಲ್ಲಿ ಮಾತು ಕರ್ನಾಟಕದತ್ತ ಹೊರಳಿತು. ಹಂಪಿಯ ಮಹಾನವಮಿ ದಿಬ್ಬದ ಬಳಿಯ ಪುಷ್ಕರಣಿಯಲ್ಲಿ ನಾಲ್ಕೂ ಬದಿಗೆ ತಳದವರೆಗೂ ಮೆಟ್ಟಿಲುಗಳಿವೆಯೆಂದು ಕೇಳಿ, ಅಷ್ಟೊಂದು ದಡವಿರುವ ಕೊಳಕ್ಕೆ ಸ್ಕಿಮ್ಮರ್ ಹೂಡಲು ಜಾಗವೆಲ್ಲಿ ಎಂದು ಬುಟ್ಟಿಯು ತಲೆಯಾಡಿಸಿತು. ಉಡುಪಿ, ದಕ್ಷಿಣ ಕನ್ನಡಗಳ ತೆರೆದ ಬಾವಿಗಳಿಗೆ ನಾಯಿಯನ್ನು ಅಟ್ಟಿಸಿಕೊಂಡು ಬಂದ ಚಿರತೆ ಬೀಳುವುದುಂಟು, ಅರಣ್ಯ ಇಲಾಖೆಯವರು ಏಣಿಯನ್ನೋ ಬೋನನ್ನೋ ಇಳಿಬಿಟ್ಟು ಮೇಲೆತ್ತುತ್ತಾರೆಂದು ತಿಳಿಸಿದಾಗ, ಚಿರತೆ ತನ್ನ ಕಂಡಿಯ ಅಳತೆಗೆ ಮೀರಿದ್ದೆಂದು ಸ್ಪಷ್ಟಪಡಿಸಿತು. ಅದರ ಕಿವಿ ನೆಟ್ಟಗಾದದ್ದು ಕೃಷಿ ಹೊಂಡದ ಪ್ರಸ್ತಾಪಕ್ಕೆ. ಮಳೆನೀರನ್ನು ಹಿಡಿದಿಡಲು ಹೊಲದಲ್ಲಿ ತೋಡಿ, ನೀರು ಇಂಗದಂತೆ ಪ್ಲಾಸ್ಟಿಕ್ ಹಾಳೆ ಹಾಸಿದ ಈ ಹೊಂಡಗಳು 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಒಣಬೇಸಾಯದ ಜಿಲ್ಲೆಗಳಲ್ಲಿ ವ್ಯಾಪಕವಾದವು; ಬೇಸಿಗೆಯ ಬೆಳೆಗೆ ಅವುಗಳಿಂದಾದ ಉಪಕಾರ ಸಣ್ಣದಲ್ಲ. ಆದರೆ ಹಾಳೆ ನೆನೆದಾಗ ಜಾರುವುದರಿಂದ, ನೀರು ಕುಡಿಯಲು ಇಳಿದ ಕುರಿ, ನಾಯಿ, ಕಾಡುಪ್ರಾಣಿಗಳಿಗೆ, ಹಲವು ಬಾರಿ ಮಕ್ಕಳಿಗೂ, ಮೇಲೆ ಹತ್ತಲಾಗದೆ ಹೋದದ್ದುಂಟು. ಸುತ್ತಲೂ ತಂತಿಬೇಲಿ ಹಾಕಬೇಕು, ಗಂಟು ಕಟ್ಟಿದ ಹಗ್ಗವನ್ನಾದರೂ ಇಳಿಬಿಡಬೇಕು ಎಂಬ ಮಾತು ಪ್ರತಿ ದುರಂತದ ಮರುದಿನ ಕೇಳಿಬರುತ್ತದೆ.

ಬುಟ್ಟಿ: ಅಲ್ಲಿ ಸಂಗ್ರಹಣೆಯ ಹೊಣೆ ಯಾವ ಇಲಾಖೆಯದು?

ರೈತರೇ ಕೋಲಿನಿಂದ ದಡಕ್ಕೆ ಎಳೆಯುತ್ತಾರೆ, ಉಳಿದದ್ದನ್ನು ಕಾಗೆ ಹದ್ದುಗಳು ನೋಡಿಕೊಳ್ಳುತ್ತವೆ ಎಂಬ ಉತ್ತರಕ್ಕೆ ಬುಟ್ಟಿಯು ನಮೂನೆಗಳೇ ಇಲ್ಲದ ಆಡಳಿತದ ಬಗ್ಗೆ ಆತಂಕ ವ್ಯಕ್ತಪಡಿಸಿ, ನಿಯೋಜನೆಯ ಮೇರೆಗೆ ಕೆಲವು ವರ್ಷ ಅಲ್ಲಿ ಸೇವೆ ಸಲ್ಲಿಸಲು ತಾನು ಸಿದ್ಧವೆಂದೂ, ಪ್ರಯಾಣ ಭತ್ಯೆ ಹಾಗೂ ವಸತಿಯ ವಿವರ ಬೇಕೆಂದೂ ಕೇಳಿತು. ಅನಂತರ, ಏನೋ ನೆನಪಾದಂತೆ, ಪಂಪು ನಡೆಸಲು ಹೊಲದಲ್ಲಿ ದಿನಕ್ಕೆ ಎಷ್ಟು ಗಂಟೆ ಕರೆಂಟು ಇರುತ್ತದೆಂದು ವಿಚಾರಿಸಿತು. ತ್ರೀ ಫೇಸ್ ಕೆಲವೇ ಗಂಟೆ, ಅದೂ ಬಹುಮಟ್ಟಿಗೆ ಸರದಿಯ ಮೇಲೆ, ಕೆಲವೊಮ್ಮೆ ನಡುರಾತ್ರಿಯಲ್ಲಿ ಎಂದು ತಿಳಿದ ಬಳಿಕ ಅರ್ಜಿಯನ್ನು ಹಿಂತೆಗೆದುಕೊಂಡಿತು.