ಗೃಹಕಚೇರಿ ಮೀಮಾಂಸೆ: ಸೋಫಾಸೀನ ಕೇಳುಗನ ಲಕ್ಷಣ ಮತ್ತು ಅಧಿಕಾರ

ಭರತಮುನಿ ನಾಟ್ಯಶಾಸ್ತ್ರದಲ್ಲಿ ಪ್ರೇಕ್ಷಕನಿಗೂ ಲಕ್ಷಣ ಹೇಳಿದ್ದಾನೆ. ಶಾರ್ಙ್ಗದೇವ ಸಂಗೀತರತ್ನಾಕರದಲ್ಲಿ ಹಾಡುವವನ ಗುಣದೋಷಗಳನ್ನು ಒಂದೊಂದಾಗಿ ಎಣಿಸಿದ್ದಾನೆ. ಆದರೆ ರಾತ್ರಿ ಊಟ ಮುಗಿಸಿ, ಲುಂಗಿಯುಟ್ಟು, ಸೋಫಾದ ಮೇಲೆ ಕಾಲು ಚಾಚಿ ಟೀವಿಯಲ್ಲಿ ಕಚೇರಿ ನೋಡುವವನ ವಿಷಯದಲ್ಲಿ ಪೂರ್ವಾಚಾರ್ಯರು ತುಟಿ ಬಿಚ್ಚಿಲ್ಲ. ಆಗ ಟೀವಿ ಇರಲಿಲ್ಲ ಎಂಬುದು ಬರೀ ನೆಪ. ಆ ಲೋಪ ತುಂಬುವ ಹೊಣೆ ಈಗ ನಮ್ಮ ಹೆಗಲೇರಿದೆ.

ನಮ್ಮ ಪ್ರತಿಜ್ಞೆ ಇಷ್ಟು: ಕಚೇರಿ ಸಿನಿಮಾದ ನಾಯಕ ಕೇಳುಗ, ಹಾಡುವವರು, ನುಡಿಸುವವರು ಅವನಿಗೆ ಪಕ್ಕವಾದ್ಯ.

ಪ್ರತ್ಯಕ್ಷ ಪ್ರಮಾಣಕ್ಕೆ ಡಿ. ಎ. ಪೆನೆಬೇಕರ್ ಅವರ ‘ಮಾಂಟೆರೇ ಪಾಪ್’ (1968) ನೋಡಬೇಕು. 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೂರು ದಿನ ನಡೆದ ಉತ್ಸವದ ಚಿತ್ರ ಅದು. ಕಡೆಯ ಭಾಗ ರವಿಶಂಕರರಿಗೆ ಮೀಸಲು. ಸಿತಾರ್ ಕೇಳಿಸುತ್ತಲೇ ಇರುತ್ತದೆ, ಸಿತಾರ್ ಹಿಡಿದವರು ಮಾತ್ರ ಎಷ್ಟು ಹೊತ್ತಾದರೂ ಕಾಣರು. ಕ್ಯಾಮೆರಾ ಜನರ ನಡುವೆ ಸುಮ್ಮನೆ ಅಲೆಯುತ್ತದೆ. ಕೇಳುಗರ ಪೈಕಿ ಜಿಮಿ ಹೆಂಡ್ರಿಕ್ಸ್ ಕೂಡ ಕೂತಿದ್ದಾನೆ. ಆಮೇಲೆ ಬೆರಳು, ತಂತಿ, ಅಲ್ಲಾರಖಾ ಅವರ ತಬಲಾ. ಸವಾಲ್-ಜವಾಬ್ ಏರುತ್ತ ಏರುತ್ತ ಹೋಗಿ ಕಡೆಗೆ ಸಭೆಯೇ ಎದ್ದು ನಿಲ್ಲುತ್ತದೆ. ರವಿಶಂಕರರು ನುಡಿಸಿದ್ದು ಭಾನುವಾರ ಮಧ್ಯಾಹ್ನ, ಹೆಂಡ್ರಿಕ್ಸ್ ತನ್ನ ಗಿಟಾರಿಗೆ ಬೆಂಕಿ ಇಟ್ಟಿದ್ದು ಅದೇ ರಾತ್ರಿ. ಸಿನಿಮಾದಲ್ಲಿ ಬೆಂಕಿ ಮೊದಲು, ಸಿತಾರ್ ಆಮೇಲೆ. ಪೆನೆಬೇಕರ್ ಕಾಲವನ್ನೇ ಹಿಂದುಮುಂದು ಮಾಡಿದ್ದು ನಮ್ಮ ಸಿದ್ಧಾಂತಕ್ಕೆ ಅನುಕೂಲವಾಗಲೆಂದೇ ಇರಬೇಕು. ಗಿಟಾರ್ ಸುಟ್ಟ ಪಾಪ ತೊಳೆಯಲು ಬೇರೊಬ್ಬರ ಕಚೇರಿಯಲ್ಲಿ ಸುಮ್ಮನೆ ಕೂತು ಕೇಳುವುದೇ ಪ್ರಾಯಶ್ಚಿತ್ತ.

ಇದಕ್ಕಿಂತ ಗಟ್ಟಿ ಪ್ರಮಾಣ ‘ಅಮೇಜಿಂಗ್ ಗ್ರೇಸ್’. 1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಒಂದು ಚರ್ಚಿನಲ್ಲಿ ಎರಡು ರಾತ್ರಿ ಅರೀಥಾ ಫ್ರಾಂಕ್ಲಿನ್ ಹಾಡಿದರು, ಸಿಡ್ನಿ ಪೊಲಾಕ್ ಚಿತ್ರೀಕರಿಸಿದರು. ಕ್ಲ್ಯಾಪ್ ಹೊಡೆಯುವುದನ್ನು ಮರೆತಿದ್ದರಿಂದ ತುಟಿ ಒಂದು ಕಡೆ, ದನಿ ಇನ್ನೊಂದು ಕಡೆ. ಹೊಂದಿಸಲಾಗದೆ ರೀಲುಗಳು ಮೂಲೆ ಸೇರಿದವು. ಚಿತ್ರ ತೆರೆ ಕಂಡಿದ್ದು 2018ರಲ್ಲಿ. ಅಲ್ಲಿ ಹಿಂದಿನ ಸಾಲುಗಳ ಕಡೆ ಕಣ್ಣಿಡಿ, ಮಿಕ್ ಜಾಗರ್ ಸಿಗುತ್ತಾನೆ. ಕಾಯಿರ್ ನಡೆಸುವ ಜೇಮ್ಸ್ ಕ್ಲೀವ್‌ಲೆಂಡ್, ನುಡಿಸಬೇಕಾದವರು, ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾರೆ. ಅಂದರೆ ಆ ಗಳಿಗೆಗೆ ಅವರೂ ಕೇಳುಗರ ಪಂಗಡಕ್ಕೆ ಬಡ್ತಿ ಪಡೆದರು. ಇನ್ನೊಂದು ಕಡೆ ಅರೀಥಾ ಪಿಯಾನೊ ಮುಂದೆ ಕೂತು ಹಾಡುತ್ತಿರುವಾಗಲೇ ಅವರ ತಂದೆ, ಪಾದ್ರಿ ಸಿ. ಎಲ್. ಫ್ರಾಂಕ್ಲಿನ್, ಎದ್ದು ಬಂದು ಮಗಳ ಮುಖದ ಬೆವರು ಒರೆಸುತ್ತಾರೆ. ಆಕೆ ಹಾಡು ನಿಲ್ಲಿಸುವುದಿಲ್ಲ. ಈ ಒಂದು ದೃಶ್ಯದ ಎದುರು ನಮ್ಮ ಶಾಸ್ತ್ರದ ಪರಿಭಾಷೆ ಸ್ವಲ್ಪ ತಡವರಿಸುತ್ತದೆ, ಮುಂದೆ ಹೋಗೋಣ.

ಪೂರ್ವಪಕ್ಷಿ ಇಲ್ಲಿ ಕೈ ಎತ್ತುತ್ತಾನೆ. ಜೊನಾಥನ್ ಡೆಮಿಯ ‘ಸ್ಟಾಪ್ ಮೇಕಿಂಗ್ ಸೆನ್ಸ್’ (1984) ಚಿತ್ರದಲ್ಲಿ ಡೇವಿಡ್ ಬರ್ನ್ ಖಾಲಿ ವೇದಿಕೆಗೆ ಒಬ್ಬನೇ ಗಿಟಾರ್ ಹಿಡಿದು ಬರುತ್ತಾನೆ, ಟಾಕಿಂಗ್ ಹೆಡ್ಸ್ ತಂಡ ಹಾಡಿಗೊಬ್ಬರಂತೆ ಸೇರಿಕೊಳ್ಳುತ್ತದೆ. ಸಭಿಕರ ಮುಖ ಸರಿಯಾಗಿ ಕಾಣಬೇಕಾದರೆ ಕೊನೆಯ ತನಕ ಕಾಯಬೇಕು. 1971ರಲ್ಲಿ ಪಿಂಕ್ ಫ್ಲಾಯ್ಡ್ ಪಾಂಪೇ ನಗರದ ಪುರಾತನ ರೋಮನ್ ಬಯಲುರಂಗದಲ್ಲಿ ನುಡಿಸಿದಾಗಲಂತೂ ಕೇಳಲು ಸಭೆಯೇ ಇರಲಿಲ್ಲ. ಏಡ್ರಿಯನ್ ಮೇಬನ್ ಬೇಕೆಂದೇ ಹಾಗೆ ಚಿತ್ರಿಸಿದರು. ನಾಯಕನೇ ಇಲ್ಲದ ಮೇಲೆ ಕಥೆ ಎಲ್ಲಿಯದು?

ಸಮಾಧಾನ ಸುಲಭ. ಮದುವೆ ಊಟದ ಪಂಕ್ತಿಯಲ್ಲಿ ಎಲೆ ಹಾಕಿ ಖಾಲಿ ಬಿಟ್ಟ ಜಾಗ ಯಾರಿಗಾಗಿ? ತಡವಾಗಿ ಬರುವ ನೆಂಟರಿಗಾಗಿ. ಪಾಂಪೇಯ ಕಲ್ಲಿನ ಮೆಟ್ಟಿಲುಗಳೂ ಸೋಫಾಸೀನನಿಗೆಂದೇ ಕಾದಿರಿಸಿದವು. ಬೆನ್ನುನೋವಿದ್ದವರಿಗೆ ಆ ಮೆಟ್ಟಿಲಿಗಿಂತ ಸೋಫಾ ಲೇಸು ಎಂಬುದು ಅವಾಂತರ ಪ್ರಯೋಜನ.

ಇನ್ನು ಅಧಿಕಾರ ವಿಚಾರ. ತೊಡೆಯ ಮೇಲೆ ತಾಳ ಹಾಕಬಹುದು, ತಪ್ಪಿದರೆ ಯಾರೂ ತಿರುಗಿ ನೋಡುವುದಿಲ್ಲ. ಪರದೆಗೆ ‘ಭೇಷ್’ ಎನ್ನಬಹುದು. ಆದರೆ ರಿಮೋಟಿನ ಫಾರ್ವರ್ಡ್ ಗುಂಡಿ ನಿಷಿದ್ಧ, ಅದರಲ್ಲೂ ಶ್ರುತಿ ಮಾಡಿಕೊಳ್ಳುವಾಗ ಮಹಾನಿಷಿದ್ಧ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜಾರ್ಜ್ ಹ್ಯಾರಿಸನ್ ಏರ್ಪಡಿಸಿದ ‘ಕನ್ಸರ್ಟ್ ಫಾರ್ ಬಾಂಗ್ಲಾದೇಶ್’ನಲ್ಲಿ ರವಿಶಂಕರ್, ಅಲಿ ಅಕ್ಬರ್ ಖಾನ್ ತಂತಿ ಬಿಗಿದು ಮುಗಿಸಿದೊಡನೆ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಶ್ರುತಿಯೇ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸಲಿ ಎಂಬರ್ಥದಲ್ಲಿ ರವಿಶಂಕರ್ ನಯವಾಗಿ ಕುಟುಕಿದರು. ಅಂದಿನಿಂದ ಲೋಕ ಆ ಸಭಿಕರನ್ನು ಗೇಲಿ ಮಾಡುತ್ತಿದೆ. ನಾವು ಅವರ ಪರ. ಶ್ರುತಿ ಕೂಡುವುದಕ್ಕಿಂತ ದೊಡ್ಡ ಸಾಧನೆ ಯಾವುದಿದೆ? ರಾಮನವಮಿ ಪೆಂಡಾಲಿನಲ್ಲಿ ತನಿ ಆವರ್ತನ ಶುರುವಾದೊಡನೆ ಕಾಫಿಗೆ ಏಳುವ ನಮ್ಮವರಿಗಂತೂ ನ್ಯೂಯಾರ್ಕಿನವರನ್ನು ನೋಡಿ ನಗುವ ಹಕ್ಕಿಲ್ಲ.

ಬಗೆಹರಿಯದ ತೊಡಕು ಒಂದಿದೆ. ಪಾಂಪೇ ಚಿತ್ರಕ್ಕೆ ಪ್ಯಾರಿಸ್‌ನಲ್ಲಿ ಸೇರಿಸಿದ ಭಾಗವೊಂದರಲ್ಲಿ ಡೇವಿಡ್ ಗಿಲ್ಮರ್ ಮೌತ್ ಆರ್ಗನ್ ಊದುತ್ತಾನೆ, ನಾಬ್ಸ್ ಎಂಬ ನಾಯಿ ಮುಖವೆತ್ತಿ ಊಳಿಡುತ್ತದೆ, ರಿಚರ್ಡ್ ರೈಟ್ ಅದಕ್ಕೆ ಮೈಕ್ ಹಿಡಿಯುತ್ತಾನೆ. ಈ ನಾಯಿ ಗಾಯಕನೋ ಕೇಳುಗನೋ? ಕೇಳಿ ತನ್ಮಯವಾಗಿ ಹಾಡಿತು ಎಂಬುದು ಒಂದು ಮತ, ಕೇಳಲಾರದೆ ಕೂಗಿತು ಎಂಬುದು ವಿಮರ್ಶಕರ ಮತ. ಈ ದೃಶ್ಯ ಬಂದಾಗಲೆಲ್ಲ ನಮ್ಮ ಬೀದಿಯ ನಾಯಿಗಳೂ ದನಿಗೂಡಿಸುವುದರಿಂದ ಎರಡನೆಯ ಸಂಪುಟದ ಕ್ಷೇತ್ರಕಾರ್ಯ ಭರದಿಂದ ಸಾಗಿದೆ. ಕೆಳಮನೆಯವರು ಸಲ್ಲಿಸಿರುವ ಲಿಖಿತ ಆಕ್ಷೇಪಣೆಯನ್ನು ಅದರಲ್ಲಿ ಅನುಬಂಧವಾಗಿ ಅಚ್ಚು ಹಾಕಲಾಗುವುದು.